ಏಕರೂಪಕ್ಕೆ ಎರಡು ಕಿವಿ

ಮಂಗಳವಾರ, ಬೆಳಗ್ಗೆ,
ಕಾಫಿ ಆರುವುದರೊಳಗೆ

ರೀ, ಕೇಳಿಸಿತಾ?

ಹೀಗೆ ಶುರುಮಾಡಿದಳಲ್ಲ ಅಂತ ಕಾಗದವನ್ನು ಮಡಚಿ ನಿಮ್ಮ ಅಕ್ಕನ ಕೈಗೆ ಕೊಟ್ಟುಬಿಡಬೇಡಿ. ಅತ್ತಿಗೆಯವರಿಗೆ ಓದಲು ಕನ್ನಡಕ ಬೇಕು, ಆ ಕನ್ನಡಕ ಹುಡುಕಲು ಇನ್ನೊಂದು ಕನ್ನಡಕ ಬೇಕು. ಅಷ್ಟರಲ್ಲಿ ನನ್ನ ಸಂಭ್ರಮವೆಲ್ಲ ಹಳಸಿಹೋಗುತ್ತದೆ. ನೀವೇ ಓದಿ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಫೋನು ಬೀರುವಿನಲ್ಲಿ ಸ್ವೆಟರುಗಳ ಕೆಳಗೆ ಬೆಚ್ಚಗೆ ಮಲಗಿದೆಯಂತೆ. ಅತ್ತಿಗೆಯವರೇ ಮೊನ್ನೆ ಹೇಳಿದರು: "ನೋಡಮ್ಮಾ, ಬೀರುಗೆ ಬೀಗ ಹಾಕಿ ಬೀಗದ ಕೈ ನನಗೆ ಕೊಟ್ಟಿದಾನೆ. ನಿನ್ನ ಒಂದು ಮಾತೂ ಕಿವಿಗೆ ಹಾಕ್ಕೊಳಲ್ವಂತೆ. ಹಾಕ್ಕೊಳಕ್ಕೆ ಅಷ್ಟೊಂದು ಜಾಗ ಇಟ್ಕೊಂಡು ಹೀಗಂತಾನಲ್ಲ!" ನಾನು ನಗಲಿಲ್ಲ. ಫೋನ್ ಇಟ್ಟ ಮೇಲೆ ನಕ್ಕೆ.

ಆದ್ದರಿಂದ ಈ ಕಾಗದ. ಇದನ್ನು ಕಿವಿಗೆ ಹಾಕಿಕೊಳ್ಳುವ ಕಷ್ಟವಿಲ್ಲ, ಕಣ್ಣಿಗೆ ಹಾಕಿಕೊಂಡರೆ ಸಾಕು. ಸುದ್ದಿ ಏನೆಂದರೆ, ನೀವು ಈಗ ಊರು ತುಂಬ ಇದ್ದೀರಿ! ಮನೆಯಲ್ಲಿಲ್ಲ ಅನ್ನುವುದೊಂದು ಬಿಟ್ಟರೆ ನೀವು ಇಲ್ಲದ ಜಾಗವೇ ಇಲ್ಲ.

ನಿಮ್ಮ ಷರತ್ತನ್ನು ಮರೆತಿಲ್ಲ. ಚೀಲ ಹೆಗಲಿಗೇರಿಸಿ, ಹೊಸ್ತಿಲಾಚೆ ನಿಂತು, "ಆ ಕಿವಿ ತೆಗೀತೀಯೋ, ನನ್ನ ಹೆಸರು ತೆಗೀತೀಯೋ, ನೀನೇ ನೋಡ್ಕೋ. ಅಲ್ಲಿವರೆಗೂ ಈ ಮನೆಗೂ ಬರಲ್ಲ, ಆ ಥಿಯೇಟರಿಗೂ ಬರಲ್ಲ" ಅಂದಿರಿ. ಇಷ್ಟು ವರ್ಷ ನಾಯಕನ ಗೆಳೆಯನಾಗಿ, ನಾಯಕನ ಡ್ರೈವರಾಗಿ, ನಾಯಕ ಹೊಡೆಯುವ ಮೊದಲನೇ ಏಟಿನ ಗಿರಾಕಿಯಾಗಿ ಬಾಳಿದ ಮನುಷ್ಯ, ಕಡೆಗೊಮ್ಮೆ ತಾನೇ ನಾಯಕನಾದ ಸಿನಿಮಾದ ಮೊದಲ ಆಟಕ್ಕೆ ಬರುವುದಿಲ್ಲವೆಂದರೆ ಹೇಗೆ ರೀ? ಮುಂದಿನ ತಿಂಗಳು ಆ ಮೊದಲನೇ ಸಾಲಿನ ಕುರ್ಚಿಯಲ್ಲಿ ಯಾರನ್ನು ಕೂರಿಸಲಿ? ನಿಮ್ಮ ಕೋಪವನ್ನೇ? ಅದಕ್ಕೆ ಒಂದು ಕುರ್ಚಿ ಸಾಲುವುದಿಲ್ಲ. ಬೈಯುವುದಿದ್ದರೆ ಆಮೇಲೆ ಬೈಯಿರಿ, ಮೊದಲು ಪೂರ್ತಿ ಓದಿ. ನನ್ನ ಪರವಾಗಿ ಮಾತಾಡಲು ಈ ಮನೆಯಲ್ಲಿ ಬೇರೆ ಯಾರೂ ಇಲ್ಲ. ಮಗಳು ನಿಮ್ಮ ಪಾರ್ಟಿ.

ನೀವು ಸಿಟ್ಟಿನಲ್ಲಿ ಕೇಳದೆ ಎದ್ದುಹೋದ ಕಥೆಯನ್ನು ಬುಡದಿಂದ ಹೇಳುತ್ತೇನೆ.

ಪೋಸ್ಟರಿನ ಕೆಲಸಕ್ಕೆಂದು ನಿರ್ಮಾಪಕರು ನನ್ನನ್ನು ಕರೆಸಿದ ದಿನ ಅವರ ಆಫೀಸಿನ ಸೋಫಾ ತುಂಬ 'ಕೇಳಿಸಿಕೊಂಡವನು' ಚಿತ್ರದ ಪ್ರಚಾರ ಹರಡಿಕೊಂಡಿತ್ತು. ಕೂರಲು ಜಾಗವಿರಲಿಲ್ಲ; ನಿಮ್ಮ ಮುಖದ ಮೇಲೆ ಕೂರುವುದೋ ನಾಯಕಿಯ ಮುಖದ ಮೇಲೆ ಕೂರುವುದೋ ಅಂತ ಯೋಚಿಸಿ ಕೊನೆಗೆ ನಿಂತೇ ಇದ್ದೆ. ಪೇಪರ್ ಜಾಹೀರಾತು ಒಬ್ಬರ ಕೈಕೆಲಸ, ಹೋರ್ಡಿಂಗ್ ಇನ್ನೊಬ್ಬರದು, ಫೋನಿನಲ್ಲಿ ಓಡಾಡುವ ಚಿತ್ರಗಳು ಮತ್ತೊಬ್ಬರವು. ಒಂದರಲ್ಲಿ ನೀವು ಬೆಂಕಿಯ ಮುಂದೆ ಹಲ್ಲು ಕಚ್ಚಿ ನಿಂತಿದ್ದೀರಿ. ಇನ್ನೊಂದರಲ್ಲಿ ಗುಲಾಬಿ ಮೋಡದ ಮೇಲೆ ನಾಯಕಿಯ ಜೊತೆ ತೇಲುತ್ತಿದ್ದೀರಿ. ಮತ್ತೊಂದರಲ್ಲಿ ಟೆಲಿಫೋನ್ ಹಿಡಿದು ಹಲ್ಲುಬಿಟ್ಟಿದ್ದೀರಿ. ಅಕ್ಷರಗಳ ಕಥೆಯೂ ಅದೇ: ಒಂದು ಕಡೆ ರಕ್ತ ಸೋರುತ್ತಿದೆ, ಇನ್ನೊಂದು ಕಡೆ ಹೂ ಬಿಟ್ಟಿದೆ. ಹೋಟೆಲಿನ ಟೆಲಿಫೋನ್ ಆಪರೇಟರ್ ಒಬ್ಬ ಯಾರ್ಯಾರದೋ ಮಾತು ಕೇಳಿಸಿಕೊಂಡು, ಯಾರಿಗೂ ಬಾಯಿ ಬಿಡದೆ, ಎಲ್ಲರ ಕಷ್ಟವನ್ನೂ ಸದ್ದಿಲ್ಲದೆ ಬಗೆಹರಿಸುವ ತಮಾಷೆಯ ಕಥೆಗೆ ಈ ಬೆಂಕಿ ಎಲ್ಲಿಂದ ಬಂತು ಸಾರ್ ಅಂತ ಕೇಳಿದೆ.

ನಿರ್ಮಾಪಕರು ತಲೆ ಕೆರೆದುಕೊಂಡರು. "ಆ ಬೆಂಕಿ ಇರ್ಲಿ ಮೇಡಂ, ನಮ್ಮತ್ತೆ ಹಚ್ಚಿದ ಬೆಂಕಿ ಕೇಳಿ. 'ಏನ್ ಅಳಿಯಂದ್ರೇ, ಒಟ್ಟಿಗೇ ಮೂರು ಸಿನಿಮಾ ತೆಗೀತಿದೀರಂತೆ, ಮೂರಕ್ಕೂ ಬೇರೆಬೇರೆ ಹೀರೋನಾ?' ಅಂದ್ರು. ಮೂರೂ ಒಂದೇ ಸಿನಿಮಾ, ಮೂರೂ ಒಬ್ಬನೇ ಅಂದ್ರೆ ನಂಬ್ತಾನೇ ಇಲ್ಲ. ಮನೆಯವರನ್ನೇ ನಂಬಿಸಕ್ಕಾಗದೆ ಇರೋನು ಊರಿನವರನ್ನ ಹೇಗೆ ಕರೀಲಿ ಹೇಳಿ" ಅಂದರು. ಎಲ್ಲವನ್ನೂ ಬಿಸಾಕಿ, ಎಲ್ಲ ಕಡೆಗೂ ಒಂದೇ ರೂಪ ಮಾಡಿಕೊಡಿ ಅಂತ ಅಲ್ಲೇ ನನಗೆ ವಹಿಸಿದರು.

ನಂಬದಿದ್ದದ್ದು ಅತ್ತೆಯ ತಪ್ಪಲ್ಲ. ನಿಮ್ಮ ಜೊತೆ ಇಷ್ಟು ವರ್ಷ ಒಂದೇ ಕನ್ನಡಿ ಹಂಚಿಕೊಂಡಿರದಿದ್ದರೆ ನಾನೂ ನಂಬುತ್ತಿರಲಿಲ್ಲ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಕಣ್ಣು ಅದೇ, ಮೂಗು ಅದೇ, ಗಲ್ಲದ ಗುಳಿ ಅದೇ. ಮನುಷ್ಯರು ಮಾತ್ರ ಮೂವರು. ನೋಡಿ ನೋಡಿ ಕಣ್ಣು ನೋವು ಬಂದ ಮೇಲೆ ಹೊಳೆಯಿತು: ಕಿವಿ! ಒಂದರಲ್ಲಿ ಕಿವಿಯನ್ನು ಅರ್ಧಕ್ಕರ್ಧ ಹಾರಿಸಿದ್ದಾರೆ, ಇನ್ನೊಂದರಲ್ಲಿ ಎಲ್ಲಿಂದಲೋ ಕೂದಲು ತಂದು ಮುಚ್ಚಿದ್ದಾರೆ, ಮತ್ತೊಂದರಲ್ಲಿ ತಲೆಗೆ ಒತ್ತಿ ಇಸ್ತ್ರಿ ಮಾಡಿದ್ದಾರೆ.

ನಮ್ಮ ಆಫೀಸಿನಲ್ಲಿ ಫೋಟೋ ತಿದ್ದುವ 'ಕತ್ತರಿ' ನಿಮಗೆ ಗೊತ್ತಲ್ಲ, ಸಿನಿಮಾದವರ ಸ್ಟಿಲ್ಲುಗಳೆಲ್ಲ ಮೊದಲಿನಿಂದ ಅವನ ಕೈಯಿಂದಲೇ ಹೋಗುವುದು. ಅವನನ್ನು ವಿಚಾರಿಸಿದೆ. ಮುಖ ಸಪ್ಪಗೆ ಮಾಡಿಕೊಂಡು, "ಯಾರೂ ಹೇಳಿದ್ದಲ್ಲ ಮೇಡಂ. ಸಾರ್ ಫೋಟೋ ಬಂದ್ರೆ ಕೈ ತಾನಾಗೇ ಅಲ್ಲಿಗೆ ಹೋಗತ್ತೆ. ಅವರ ಮೊದಲನೇ ಪಿಕ್ಚರಿಂದ ಅಭ್ಯಾಸ. ಅವತ್ತಿನ ಮೂಡ್ ಹೇಗಿರತ್ತೋ ಹಾಗೆ ಹೆಚ್ಚುಕಮ್ಮಿ ತೆಗೀತೀನಿ" ಅಂದ. ಅಂದರೆ ನೋಡಿ, ನಿಮ್ಮ ಮುಖದ ಅಳತೆ ಇಷ್ಟು ಕಾಲ ಕತ್ತರಿಯ ಮೂಡಿನ ಮೇಲೆ ನಿಂತಿತ್ತು! ಅವನು ಹೆಂಡತಿಯ ಜೊತೆ ಜಗಳವಾಡಿ ಬಂದ ದಿನ ನಿಮಗೆ ಕಿವಿಯೇ ಇಲ್ಲ. ರಾಜಿಯಾದ ದಿನ ಸ್ವಲ್ಪ ಧಾರಾಳ.

ನನಗೆ ನಗು ಬಂತು, ಹಿಂದೆಯೇ ನಿಮ್ಮ ಬಸ್ಸಿನ ಮಾತು ನೆನಪಾಯಿತು. ನೀವು ಎಷ್ಟು ಸಲ ಕೊರಗಿಲ್ಲ! "ಬಸ್ಸಲ್ಲಿ ಜನ ನನ್ನೇ ನೋಡ್ತಾರೆ ಕಣೇ. ಎಲ್ಲೋ ನೋಡಿದೀನಲ್ಲ ಅಂತಾರೆ. ಎಲ್ಲಿ ಅಂತ ಒಬ್ಬರಿಗೂ ಹೊಳೆಯಲ್ಲ." ಹೊಳೆಯುವುದಾದರೂ ಹೇಗೆ? ಪ್ರತಿ ಸಿನಿಮಾಕ್ಕೂ ನಿಮ್ಮ ಹೆಸರಿನಲ್ಲಿ ಒಬ್ಬ ಹೊಸಬನನ್ನು ಕಳಿಸಿಕೊಟ್ಟಿದ್ದೇವೆ. ಜನ ನಿಮ್ಮನ್ನು ಮರೆತಿರಲಿಲ್ಲ ರೀ. ಅವರಿಗೆ ನಿಮ್ಮ ಪರಿಚಯವನ್ನೇ ಯಾರೂ ಮಾಡಿಸಿರಲಿಲ್ಲ.

ನನ್ನ ಕೆಲಸದ ರೀತಿ ನಿಮಗೆ ಗೊತ್ತು. ಪೋಸ್ಟರ್ ಮಾಡುವುದು ಅರ್ಧ ಕೆಲಸ, ಅದನ್ನು ಹರಿಯುವುದು ಇನ್ನರ್ಧ. "ನನ್ನ ಹೆಂಡತಿ ಕಾಗದ ಹರಿದು ಸಂಸಾರ ನಡೆಸೋಳು" ಅಂತ ನೀವು ಎಲ್ಲರ ಮುಂದೆ ಅಣಕಿಸುವುದೂ ಗೊತ್ತು. ಆದರೆ ಬೀದಿಯಲ್ಲಿ ಯಾವ ಪೋಸ್ಟರಿಗೂ ಪೂರ್ಣಾಯುಷ್ಯವಿಲ್ಲ. ಬೆಳಗ್ಗೆ ಅಂಟಿಸಿದರೆ ಮಧ್ಯಾಹ್ನ ಅದರ ಮೇಲೆ ಇನ್ನೊಬ್ಬರು ಅಂಟಿಸುತ್ತಾರೆ, ಸಂಜೆ ಯಾರೋ ಒರಗಿ ನಿಲ್ಲುತ್ತಾರೆ, ಗಾಳಿ ಒಂದು ಮೂಲೆ ಕಿತ್ತುಕೊಂಡು ಹೋಗುತ್ತದೆ. ಉಳಿಯುವುದು ಒಂದು ಚೂರು. ಆ ಚೂರು ನೋಡಿದವರಿಗೆ 'ಓ, ಇದು ಆ ಸಿನಿಮಾ' ಅನ್ನಿಸಬೇಕು. ಅನ್ನಿಸದಿದ್ದರೆ ನಾನು ಮಾಡಿದ್ದು ಬರೀ ಚಂದದ ಕಾಗದ.

ಹಾಗಾಗಿ ಏನೇನೋ ಮಾಡಿ, ಹರಿದು, ಕೆಳಗಿನ ಮಹಡಿಯ ದಂತವೈದ್ಯರಿಗೆ ತೋರಿಸುತ್ತಾ ಬಂದೆ. ಅವರ ಬಳಿ ಬರುವವರು ಬಾಯಿ ಬಿಡುತ್ತಾರೆಯೇ ಹೊರತು ಮಾತಾಡುವುದಿಲ್ಲ, ಪಾಪ, ಹಾಗಾಗಿ ಅವರಿಗೆ ಮಾತಿನ ಹಸಿವು. ನಾಯಕಿಯ ಕಣ್ಣಿನ ಚೂರು ತೋರಿಸಿದರೆ "ಕಣ್ಣಿನ ಆಸ್ಪತ್ರೆಯದಾ?" ಅಂದರು. ನಿಮ್ಮ ನಗುವಿನ ಚೂರು ತೋರಿಸಿದರೆ ಬಹಳ ಹೊತ್ತು ನೋಡಿ, "ಇವರು ಒಂದ್ಸಲ ಬಂದು ಕ್ಲೀನ್ ಮಾಡಿಸ್ಕೊಂಡ್ರೆ ಒಳ್ಳೇದು" ಅಂದರು. ಕೆಂಪು ಬಣ್ಣದ ಚೂರು ಅವರಿಗೆ ಬಿಸ್ಕತ್ತಿನ ಪೊಟ್ಟಣವಾಗಿ ಕಂಡಿತು. ನಾನು ಸೋತು ಸುಣ್ಣವಾಗಿದ್ದೆ.

ಆಗ ನೀವು ಊಟದ ಡಬ್ಬಿ ತಂದಿರಿ. ನಮ್ಮ ಆಫೀಸಿನ ಬಾಗಿಲಿಗೆ ಮಬ್ಬು ಗಾಜಿದೆಯಲ್ಲ, ಆಚೆ ಯಾರು ನಿಂತರೂ ಈಚೆಗೆ ಬರೀ ನೆರಳು. ದಿನಕ್ಕೆ ಎಷ್ಟೋ ಜನ ಬಂದು ನಿಲ್ಲುತ್ತಾರೆ, ನಾವು 'ಯಾರು?' ಅಂತ ಕೂಗುತ್ತೇವೆ. ಅವತ್ತು ನೀವು ನಿಂತಾಗ ಯಾರೂ ಯಾರು ಅನ್ನಲಿಲ್ಲ. ಕತ್ತರಿ ಕಂಪ್ಯೂಟರಿನಿಂದ ಅರ್ಧ ತಲೆಯೆತ್ತಿ, "ಬನ್ನಿ ಸಾರ್, ಮೇಡಂ ಇಲ್ಲೇ ಇದಾರೆ" ಅಂದ. ಕೊರಿಯರ್ ಕೊಡಲು ಬಂದು ಕೂತಿದ್ದವನು ಕೂಡ, "ಓ, ಸಾರ್ ಬಂದ್ರು" ಅಂತ ಕಾಲು ಮಡಚಿ ಜಾಗ ಬಿಟ್ಟ. ಕಣ್ಣಿಲ್ಲ, ಮೂಗಿಲ್ಲ, ಬಣ್ಣವಿಲ್ಲ, ಹೆಸರಿಲ್ಲ. ಒಂದು ಗುಂಡನೆಯ ತಲೆ, ಎರಡು ಕಡೆ ಎರಡು ಕಿವಿ. ಇಡೀ ಕೋಣೆಗೆ ಗುರುತು ಸಿಕ್ಕಿತು!

ನಾನು ಮಾರ್ಕರ್ ಹಿಡಿದು ಓಡಿಬಂದು, "ಅಲ್ಲೇ ನಿಲ್ಲಿ, ಅಲ್ಲಾಡಬೇಡಿ" ಅಂತ ಕಿರುಚಿ, ಗಾಜಿನ ಮೇಲೆ ನಿಮ್ಮ ನೆರಳಿನ ಅಂಚು ಎಳೆದೆ. ನೀವು ಆಚೆಯಿಂದ "ಡಬ್ಬಿ ಬಿಸಿ ಕಣೇ, ಕೈ ಸುಡ್ತಿದೆ" ಅನ್ನುತ್ತಿದ್ದಿರಿ. ನಾನು ಈಚೆಯಿಂದ, "ಇನ್ನೊಂದು ಕಿವಿ ಬಾಕಿ ಇದೆ" ಅನ್ನುತ್ತಿದ್ದೆ. ಆ ದಿನದ ಊಟದ ರುಚಿ ನನಗೆ ನೆನಪಿಲ್ಲ. ಒಂದು ಕೈಯಲ್ಲಿ ತುತ್ತು, ಇನ್ನೊಂದರಲ್ಲಿ ಪೆನ್ಸಿಲ್.

ಅಲ್ಲಿಂದ ಎಲ್ಲವೂ ಸರಸರನೆ ಕೂಡಿಬಂತು. ಹಾಲು ಬೆರೆಸಿದಂಥ ಹಳದಿ ಹಿನ್ನೆಲೆ, ಆ ಗಾಜಿನ ಬೆಳಕಿನ ಹಾಗೆ. ಕಡುನೀಲಿ ನೆರಳು. ಮೂರನೇ ಬಣ್ಣಕ್ಕೆ ಪ್ರವೇಶವಿಲ್ಲ. ಸಿನಿಮಾದ ಹೆಸರು ಸಣ್ಣ ಅಕ್ಷರದಲ್ಲಿ, ಬಲಗಿವಿಯ ಪಕ್ಕದಲ್ಲಿ, ಯಾರೋ ಗುಟ್ಟು ಹೇಳುತ್ತಿರುವ ಹಾಗೆ. ಉಗುರಗಲದ ಚಿತ್ರವಿರಲಿ, ಮೂರು ಮಹಡಿ ಎತ್ತರದ ಹೋರ್ಡಿಂಗ್ ಇರಲಿ, ಇದೇ ಮತ್ತು ಇಷ್ಟೇ. ಹರಿದು ನೋಡಿದೆ. ಒಂದೇ ಒಂದು ಕಿವಿ ಉಳಿಯಿತು. ದಂತವೈದ್ಯರು ಕನ್ನಡಕವನ್ನೂ ಏರಿಸದೆ, "ನಿಮ್ಮೆಜಮಾನ್ರು!" ಅಂದರು. ಅವರನ್ನು ತಬ್ಬಿಕೊಳ್ಳುವುದೊಂದು ಬಾಕಿ.

ಹೆಸರು ಚಿಕ್ಕದಾಯಿತು ಅಂತ ನಿರ್ಮಾಪಕರು ಮೊದಲು ಹಾರಾಡಿದರು. "ಇಷ್ಟು ಖರ್ಚು ಮಾಡಿ ಹೆಸರನ್ನ ಇರುವೆ ಸಾಲಿನ ಥರ ಹಾಕಿದ್ರೆ ಹೇಗೆ ಮೇಡಂ, ದಪ್ಪಕ್ಕೆ ಹಾಕಿ" ಅಂತ. "ಗುಟ್ಟನ್ನ ಯಾರಾದ್ರೂ ಕೂಗಿ ಹೇಳ್ತಾರಾ ಸಾರ್? ಹತ್ರ ಬಂದು ಓದ್ಲಿ" ಅಂದೆ. ಅವರು ತಮಗೆ ಅರಿವಿಲ್ಲದೆ ಕುರ್ಚಿಯಿಂದ ಮುಂದಕ್ಕೆ ಬಾಗಿ ಕಿವಿಯ ಬಳಿ ಕಣ್ಣಿಟ್ಟು ಓದಿದರು. ಓದಿದ ಮೇಲೆ ತಾವು ಬಾಗಿದ್ದು ತಮಗೇ ಗೊತ್ತಾಗಿ, ಒಪ್ಪಿದರು. ಇನ್ನು ಕತ್ತರಿಯ ಕೈ! ಪೋಸ್ಟರುಗಳನ್ನು ಬೇರೆಬೇರೆ ಅಳತೆಗೆ ಹೊಂದಿಸಲು ಕೊಟ್ಟರೆ ಒಂದೊಂದರಲ್ಲೂ ಕಿವಿ ಒಂದಿಷ್ಟು ಸವೆದು ವಾಪಸು ಬರುತ್ತಿತ್ತು. ಬೈದರೆ, "ನಾನೆಲ್ಲಿ ಮಾಡ್ದೆ ಮೇಡಂ, ಕೈ ಮಾಡ್ತು" ಅನ್ನುತ್ತಾನೆ. ಈಗ ಗಾಜಿನ ಮೇಲಿನ ಗೆರೆಯನ್ನೇ ಅಚ್ಚು ತೆಗೆದು ಅವನ ಮೇಜಿನ ಮೇಲೆ ಅಂಟಿಸಿದ್ದೇನೆ. ಅದರ ಮೇಲಿಟ್ಟು ನೋಡದೆ ಒಂದು ಚೀಟಿಯೂ ಹೊರಗೆ ಹೋಗುವ ಹಾಗಿಲ್ಲ.

ಇಲ್ಲೊಂದು ಮಾತನ್ನು ಸುತ್ತಿಬಳಸದೆ ಹೇಳಿಬಿಡುತ್ತೇನೆ. ಇದನ್ನು ಮೊದಲು ನಿಮಗೆ ತೋರಿಸಬೇಕಿತ್ತು. ನಿಮ್ಮನ್ನು ಬೆರಗುಗೊಳಿಸುವ ಆಸೆಯಲ್ಲಿ ಇಡೀ ತಂಡದ ಎದುರಿಗೆ, ಕೋಣೆಯ ದೀಪ ಆರಿಸಿ, ಪರದೆಯ ಮೇಲೆ ತೋರಿಸಿದೆ. ನಿಮ್ಮ ನೆರಳು ಮೂಡಿತು. ಆಮೇಲೆ ಹಿಂದಿನ ಸಾಲಿನಿಂದ, ನಿಮ್ಮ ಜೊತೆ ಓದಿದ ಆ ಕ್ಯಾಮೆರಾದವನು, "ಅಯ್ಯೋ, ನಮ್ಮ ಮೊರ!" ಅಂದ. ಶಾಲೆಯಲ್ಲಿ ಮೊರದಗಲದ ಕಿವಿಯವನು ಅಂತ ಅಂಟಿಸಿದ ಹೆಸರು, ಮದುವೆಯಾದ ಹೊಸತರಲ್ಲಿ ನೀವು ಒಂದೇ ಸಲ ಹೇಳಿ ಮತ್ತೆಂದೂ ಎತ್ತದ ಹೆಸರು. ಕೋಣೆ ಘೊಳ್ಳೆಂದಿತು. ನಾನು ಹಿಗ್ಗಿನಿಂದ ನಿಮ್ಮ ಕಡೆ ತಿರುಗಿದೆ. ಪರದೆಯ ಹಳದಿ ಬೆಳಕು ನಿಮ್ಮ ಮುಖದ ಮೇಲಿತ್ತು. ನೀವು ಟೀ ಲೋಟ ಕೆಳಗಿಟ್ಟು, ಕುರ್ಚಿ ಸದ್ದಾಗದ ಹಾಗೆ ಎದ್ದು ಹೋದಿರಿ.

ಮನೆಗೆ ಬಂದ ಮೇಲೆ ಕೇಳಿದಿರಿ: "ನಿನ್ನ ಏಕರೂಪಕ್ಕೆ ನನ್ನ ಕುರೂಪವೇ ಬೇಕಾಗಿತ್ತಾ?"

ಅದಕ್ಕೆ ಉತ್ತರವನ್ನು ಈಗ ಹೇಳುತ್ತೇನೆ. ಪ್ಲಾಟ್‌ಫಾರಂ ತುಂಬ ಜನ ಇಳಿಯುತ್ತಿರುವಾಗ ನಡುವೆ ನಮ್ಮವರ ತಲೆ ಕಂಡರೆ ನಮಗೆ ನಗು ಬರುವುದಿಲ್ಲವೇ? ಕೋಣೆ ನಕ್ಕದ್ದು ಆ ನಗು. ನಾನು ಆ ನಗುವನ್ನು ಎಷ್ಟು ವರ್ಷದಿಂದ ನಗುತ್ತಿದ್ದೇನೆ ಅಂದರೆ, ಅದು ನಿಮಗೆ ಚುಚ್ಚಬಹುದು ಅಂತ ಹೊಳೆಯಲೇ ಇಲ್ಲ. ತಪ್ಪು ಅಲ್ಲಿದೆ. ಕಿವಿಯಲ್ಲಿಲ್ಲ.

ಸರಿ, ಈಗ ಊರಿಗೆ ಬನ್ನಿ! ನಿನ್ನೆ ಸಂಜೆ ನಾನೂ ಮಗಳೂ ಇಡೀ ಊರು ಸುತ್ತಿದೆವು. ಮೊದಲು ಸಿಕ್ಕಿದ್ದು ಬಸ್ಸು. ಬಸ್ಸಿನ ಬೆನ್ನಿಗೆ ನಿಮ್ಮ ತಲೆ ಅಂಟಿಸಿದೆ, ಕಿವಿ ಅಂಟಿಸಿಲ್ಲ. ಬೇಕಾಗೇ ಇಲ್ಲ! ಬಸ್ಸಿಗೆ ಎರಡು ಕಡೆ ಚಾಚಿಕೊಂಡ ಕನ್ನಡಿಗಳಿರುತ್ತವಲ್ಲ, ಹಿಂದಿನಿಂದ ನೋಡಿದರೆ ಅವೇ ಕಿವಿ. ಬಸ್ಸು ಹುಟ್ಟಿದ್ದೇ ನಿಮ್ಮ ಪಾತ್ರ ಮಾಡಲಿಕ್ಕೆ ಅನ್ನಿಸುತ್ತದೆ. ತಿರುವಿನಲ್ಲಿ ಅದು ವಾಲಿದಾಗ ನೀವು ಏನನ್ನೋ ಕೇಳಿಸಿಕೊಳ್ಳಲು ತಲೆ ಓರೆ ಮಾಡಿದ ಹಾಗೇ ಕಂಡು, ಮಗಳು ಚಪ್ಪಾಳೆ ತಟ್ಟಿದಳು. ಚೌಕದಲ್ಲಿ ದಪ್ಪನೆಯ ಪೊಲೀಸ್ ಒಬ್ಬರು ನಿಂತಿದ್ದರು, ಅಲುಗಾಡಲೇ ಇಲ್ಲ, ಬಸ್ಸು ದಾಟಿಹೋಗುವವರೆಗೂ ನೋಡುತ್ತಲೇ ಇದ್ದರು.

ಗೋಡೆಗಳಿಗೆಲ್ಲ ಕಿವಿ ಮೂಡಿದೆ. ಒಂದು ಕಡೆ ಯಾವುದೋ ಹೊಡೆದಾಟದ ಸಿನಿಮಾದವರು ನಿಮ್ಮ ಮೇಲೆಯೇ ತಮ್ಮ ಪೋಸ್ಟರ್ ಬಳಿದಿದ್ದಾರೆ. ಆ ನಾಯಕ ಕತ್ತಿ ಎತ್ತಿ ಹೂಂಕರಿಸುತ್ತಿದ್ದಾನೆ, ಅವನ ಭುಜದ ಹಿಂದಿನಿಂದ ನಿಮ್ಮ ಒಂದು ಕಿವಿ ಇಣುಕುತ್ತಿದೆ. ಅವನು ಏನು ಹೂಂಕರಿಸಿದರೂ ನೀವು ಕೇಳಿಸಿಕೊಳ್ಳುತ್ತಿರುವಂತಿದೆ. ಅವನ ಅಷ್ಟೂ ಶೌರ್ಯ ಒಂದು ಕಿವಿಯ ಮುಂದೆ ನಗೆಪಾಟಲಾಗಿದೆ!

ದೊಡ್ಡ ಹೋರ್ಡಿಂಗಿನ ಚೌಕಟ್ಟು ನಿಮಗೆ ಸಾಲಲಿಲ್ಲ. ಕಿವಿಗಳು ಎರಡು ಕಡೆಯೂ ಚೌಕಟ್ಟಿನಾಚೆಗೆ ಗಾಳಿಯಲ್ಲಿ ನಿಂತಿವೆ, ಬೇಕೆಂದೇ ಹಾಗೆ ಬಿಟ್ಟೆ. ಎಡಗಿವಿಯ ಮೇಲೆ ಒಂದು ಬಿಳಿ ಪಾರಿವಾಳ ಬಂದು ಕೂತಿದೆ. ಎದ್ದು ಹೋಗುವ ಲಕ್ಷಣವೇ ಇಲ್ಲ. ಅದಕ್ಕೂ ಏನೋ ಹೇಳಿಕೊಳ್ಳುವುದಿರಬೇಕು.

ಥಿಯೇಟರ್ ಮಾತ್ರ ನೀವು ನೋಡಲೇಬೇಕು. ಮುಂಬಾಗಿಲಿನ ಎರಡೂ ಕದ ಸೇರಿ ನಿಮ್ಮ ತಲೆ, ಹಿಡಿಕೆಗಳು ಕಿವಿ. ಕಿವಿ ಹಿಡಿದು ಎಳೆಯದೆ ಯಾರಿಗೂ ಒಳಗೆ ಪ್ರವೇಶವಿಲ್ಲ! ನಿಮ್ಮ ಕಿವಿ ಹಿಂಡುವ ಹಕ್ಕು ನನ್ನೊಬ್ಬಳದು ಅಂದುಕೊಂಡಿದ್ದೆ, ಈಗ ಸಾಲು ನಿಂತಿದೆ. ಆ ಸಾಲಿನಲ್ಲಿ ಒಬ್ಬರೂ ತಳ್ಳಾಡುತ್ತಿಲ್ಲ, ಒಬ್ಬರೂ ಗೊಣಗುತ್ತಿಲ್ಲ. ಇಷ್ಟು ಶಿಸ್ತಿನ ಪ್ರೇಕ್ಷಕರನ್ನು ನಾನು ನನ್ನ ಜನ್ಮದಲ್ಲಿ ಕಂಡಿಲ್ಲ. ಪಾಪ್‌ಕಾರ್ನ್ ಡಬ್ಬಕ್ಕೂ ಎರಡು ಕಡೆ ಕಾಗದದ ಕಿವಿ, ಎತ್ತಿಕೊಳ್ಳಲು ಅನುಕೂಲ. ಬಸ್ಸು, ಗೋಡೆ, ಬಾಗಿಲು, ಡಬ್ಬ, ಎಲ್ಲಿ ನೋಡಿದರೂ ಅದೇ ಹಳದಿ, ಅದೇ ನೀಲಿ, ಅದೇ ನೀವು. ನಿರ್ಮಾಪಕರ ಅತ್ತೆಗೂ ಇನ್ನು ಅನುಮಾನ ಬರುವ ಹಾಗಿಲ್ಲ.

ಇದಿಷ್ಟು ಊರಿನ ಸುದ್ದಿ. ಮನೆಯ ಸುದ್ದಿಯೂ ಒಂದಿದೆ. ನಿಮ್ಮ ಆಸ್ತಿಯಲ್ಲಿ ಮಗಳ ಪಾಲಿಗೆ ಏನು ಬಂದಿದೆ ಅಂತ ನಮ್ಮಿಬ್ಬರಿಗೂ ಗೊತ್ತು. ದಿನಾ ಬೆಳಗ್ಗೆ ಅವಳನ್ನು ಕನ್ನಡಿಯ ಮುಂದೆ ಕೂರಿಸಿಕೊಂಡು, ಕೂದಲನ್ನು ಎರಡು ಕಡೆಯೂ ಇಳಿಬಿಟ್ಟು, ಕಿವಿ ಮುಚ್ಚುವ ಹಾಗೆ ಬಾಚಿ, ಗಾಳಿಗೆ ಹಾರದಂತೆ ಕ್ಲಿಪ್ಪು ಒತ್ತುವ ನಿಮ್ಮ ಶ್ರದ್ಧೆಯನ್ನು ಅಡುಗೆಮನೆಯಿಂದ ನೋಡುತ್ತಿದ್ದೆ. ಕತ್ತರಿ ನಿಮಗೆ ಮಾಡಿದ್ದನ್ನು ನೀವು ಅವಳಿಗೆ ಮಾಡುತ್ತಿದ್ದೀರಿ, ಅದೂ ಪ್ರೀತಿಯಿಂದ ಮಾಡುತ್ತಿದ್ದೀರಿ, ಏನೆಂದು ಹೇಳಲಿ? ನೀವು ಹೋದ ಮೇಲೆ ಬಾಚುವ ಕೆಲಸ ನನ್ನ ಪಾಲಿಗೆ ಬಂತು. ನಿನ್ನೆ ಬೆಳಗ್ಗೆ ಅವಳು ನನ್ನ ಕೈ ಸರಿಸಿ, "ಹಾಗಲ್ಲಮ್ಮ, ಮೇಲೆತ್ತಿ ಜುಟ್ಟು ಕಟ್ಟು, ಪೂರ್ತಿ ಮೇಲಕ್ಕೆ" ಅಂದಳು. ಕಟ್ಟಿದೆ. ಹಾಗೇ ಶಾಲೆಗೆ ಹೋದಳು. ಬೆಳಗಿನ ಬಿಸಿಲು ಹಿಂದಿನಿಂದ ಬಿದ್ದು ಎರಡೂ ಕಿವಿ ಕೆಂಪಗೆ ಹೊಳೆಯುತ್ತಿದ್ದವು. ನಾನು ಹೇಳಿಕೊಟ್ಟದ್ದಲ್ಲ, ನಿಮ್ಮಾಣೆ.

ಇನ್ನು ಬರೆದರೆ ಕೊರಿಯರಿನವನು ತೂಕ ಹಾಕಿ ನನ್ನ ಮುಖ ನೋಡುತ್ತಾನೆ. ಬೀರುವಿನ ಬೀಗ ತೆಗೆಸಿ, ಸ್ವೆಟರುಗಳನ್ನು ಸರಿಸಿ, ಒಂದೇ ಒಂದು ಸಲ ಫೋನ್ ಮಾಡಿ. ಬೈಯಲಿಕ್ಕಾದರೂ ಸರಿ. ಇಷ್ಟು ದಿನ ನಿಮ್ಮ ನೆರಳಿನ ಜೊತೆ ಕೆಲಸ ಮಾಡಿ ಮಾಡಿ, ಅದು ತಿರುಗಿ ಮಾತಾಡುವುದಿಲ್ಲ ಅನ್ನುವುದೊಂದು ದೊಡ್ಡ ಕೊರತೆಯಾಗಿ ಕಾಣುತ್ತಿದೆ. ಅತ್ತಿಗೆಯವರಿಗೆ ನಮಸ್ಕಾರ ತಿಳಿಸಿ, ಅವರು ನಕ್ಕರೆ ಬೇಜಾರು ಮಾಡಿಕೊಳ್ಳಬೇಡಿ.

ಇತಿ,
ನಿಮ್ಮ ಹಿಂದೆ ಬಾಗಿಲು ಹಾಕದೆ ಕೂತಿರುವ,
ನಿಮ್ಮವಳು

ತಾ.ಕ.: ಇಷ್ಟು ಹೊತ್ತು ನಿಮ್ಮ ಕಿವಿಯ ಮೇಲೆ ಹೂವಿಡುತ್ತಿದ್ದೆ ರೀ. ಒಂದು ಪೋಸ್ಟರೂ ಅಚ್ಚಾಗಿಲ್ಲ. ನಾವು ಸುತ್ತಿದ ಊರು ನಮ್ಮ ಊಟದ ಮೇಜಿನ ಮೇಲಿದೆ, ನಾನೂ ಮಗಳೂ ಸೇರಿ ರಟ್ಟಿನಲ್ಲಿ ಕಟ್ಟಿದ್ದು. ಬಸ್ಸು ಚಪ್ಪಲಿಯ ಡಬ್ಬ, ಅದರ ಕನ್ನಡಿಗಳು ಐಸ್‌ಕ್ರೀಂ ಚಮಚ. ದಪ್ಪನೆಯ ಪೊಲೀಸ್ ಉಪ್ಪಿನ ಡಬ್ಬಿ. ಥಿಯೇಟರಿನ ಮುಂದೆ ಅಷ್ಟು ಶಿಸ್ತಾಗಿ ನಿಂತವರು ಬಟ್ಟೆಯ ಕ್ಲಿಪ್ಪುಗಳು. ಆ ಪಾರಿವಾಳ, ನೀವು ಮಗಳ ಕಿವಿಯ ಮೇಲೆ ಒತ್ತುತ್ತಿದ್ದ ಬಿಳಿ ಹೇರ್‌ಕ್ಲಿಪ್ಪು. ತನಗೆ ಬೇಡ ಅಂತ ಅವಳೇ ತಂದು ಅಲ್ಲಿ ಕೂರಿಸಿದಳು. ನಾವಿಬ್ಬರೂ ಸೋಫಾದಲ್ಲಿ ಊಟ ಮಾಡುತ್ತಿದ್ದೇವೆ.

ಒಂದು ಸಲ ನಿಮ್ಮನ್ನು ಕೇಳದೆ ತೋರಿಸಿ ಕೆಟ್ಟಿದ್ದೇನೆ, ಎರಡನೇ ಸಲ ಆ ಕೆಲಸ ಮಾಡಲಾರೆ. ಪ್ರೆಸ್ಸಿನವರ ಬಳಿ ಎರಡು ಫೈಲುಗಳಿವೆ, ಕಿವಿ ಇರುವುದೊಂದು, ಇಲ್ಲದ್ದೊಂದು. ಇಲ್ಲದ್ದನ್ನೂ ಅಷ್ಟೇ ಮನಸ್ಸಿಟ್ಟು ಮಾಡಿದ್ದೇನೆ; ಅದೇ ಬಣ್ಣ, ಅದೇ ಅಕ್ಷರ, ನೋಡಲು ಲಕ್ಷಣವಾಗಿದೆ. ಯಾರು ಅಂತ ಮಾತ್ರ ಗೊತ್ತಾಗುವುದಿಲ್ಲ. ನಿರ್ಮಾಪಕರು ಗೊಣಗುತ್ತಲೇ ಈ ವಾರ ಕಾಯಲು ಒಪ್ಪಿದ್ದಾರೆ. ನೀವು ಯಾವುದನ್ನು ಹೇಳುತ್ತೀರೋ ಅದು ಅಚ್ಚಾಗುತ್ತದೆ, ನಾನು ಎದುರಾಡುವುದಿಲ್ಲ. ಹೆಸರು ತೆಗೆಯುವ ಮಾತು ಮಾತ್ರ ಇನ್ನೊಮ್ಮೆ ಎತ್ತಬೇಡಿ.

ಮಗಳ ಜುಟ್ಟಿನ ಸುದ್ದಿ ಅಕ್ಷರಶಃ ನಿಜ. ಯಾಕೆ ಪುಟ್ಟಾ, ಯಾರಾದರೂ ಏನಾದರೂ ಹೇಳಿದರಾ ಅಂತ ಕೇಳಿದೆ. ಸಿನಿಮಾದ ಮಾತು, ಪೋಸ್ಟರಿನ ಮಾತು, ಯಾವುದನ್ನೂ ಅವಳು ಎತ್ತಲಿಲ್ಲ. "ಅಪ್ಪ ವಾಪಸ್ ಬಂದ ದಿನ ನನ್ನ ಕರ್ಕೊಂಡು ಹೋಗಕ್ಕೆ ಸ್ಕೂಲ್ ಗೇಟಿಗೆ ಬರ್ತಾರಲ್ಲ, ಅಷ್ಟೊಂದು ಮಕ್ಕಳಲ್ಲಿ ನಾನು ಅವರಿಗೆ ಬೇಗ ಸಿಗ್ಬೇಕಲ್ವಾ" ಅಂದಳು.